ಬ್ಯಾಡಗಿಯಿಂದ ಅಕ್ಕನಿಗೆ: ಮೆಣಸಿನಕಾಯಿ ಮತ್ತು ನಿನ್ನ ಮಗನ ವಿಚಾರ

ಬ್ಯಾಡಗಿ,
ಮಾರ್ಚ್ ತಿಂಗಳು

ಪ್ರೀತಿಯ ಅಕ್ಕ,

ನೀನು ಹೇಳಿದ ಮೆಣಸಿನಕಾಯಿ ಕೊಂಡಾಯಿತು. ಡಬ್ಬಿ ಎರಡು ಕಿಲೋ, ಕಡ್ಡಿ ಒಂದು ಕಿಲೋ. ನಾಳೆ ಪಾರ್ಸೆಲ್ ಮಾಡಿಸುತ್ತೇನೆ. ಅಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಕೂತು ಬರೆಯುತ್ತಿರುವುದು ನಿನ್ನ ಮಗನ ವಿಚಾರಕ್ಕೆ. ಲೀಡ್ಸ್‌ನಲ್ಲಿ ಓದಿನ ಜೊತೆಗೆ ಪಬ್ಬಿನಲ್ಲಿ ಕೆಲಸ ಮಾಡುತ್ತಾನೆಂದು ಗೊತ್ತಾದ ಮೇಲೆ ನೀನು ಅವನ ಜೊತೆ ಮನಸ್ಸು ಬಿಚ್ಚಿ ಮಾತಾಡಿಲ್ಲ. ಹೆಂಡದಂಗಡಿ ಕೆಲಸಕ್ಕೆ ಇಷ್ಟು ಓದಬೇಕಿತ್ತೇ ಎಂದು ನನ್ನ ಹತ್ತಿರವೂ ಅತ್ತೆ. ಆಗ ನಿನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಈ ಹಾವೇರಿ ಜಿಲ್ಲೆಯಲ್ಲಿ ತಿರುಗಾಡುತ್ತಾ ಹೇಳುವುದಕ್ಕೆ ಮಾತು ಸಿಕ್ಕಿದೆ. ಸಾವಧಾನವಾಗಿ ಓದು.

ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆ. ಈಗ ಸುಗ್ಗಿ. ಹಾವೇರಿ, ಗದಗ, ಧಾರವಾಡದ ಕಡೆಯ ಲಾರಿಗಳಷ್ಟೇ ಅಲ್ಲ, ಬಳ್ಳಾರಿ, ರಾಯಚೂರು, ಆಚೆ ಆಂಧ್ರದ ಕರ್ನೂಲು, ಆದೋನಿ ಕಡೆಯವೂ ಬಂದು ನಿಲ್ಲುತ್ತವೆ. ದಲಾಲಿ ಅಂಗಡಿಗಳ ಮುಂದೆ ಚೀಲದ ಬಾಯಿ ಬಿಚ್ಚಿ ಲಾಟು ಲಾಟಾಗಿ ಇಟ್ಟಿರುತ್ತಾರೆ. ಕೊಳ್ಳುವವರು ಚೀಲದೊಳಕ್ಕೆ ಮೊಣಕೈವರೆಗೆ ಕೈ ತೂರಿಸಿ ಅಡಿಯ ಕಾಯಿ ಎಳೆದು ತೆಗೆಯುತ್ತಾರೆ. ಇಲ್ಲಿ ಮೆಣಸಿನಕಾಯಿ ಅನ್ನುವವರು ಕಡಿಮೆ, ಎಲ್ಲರ ಬಾಯಲ್ಲೂ ಬರೀ ಕಾಯಿ. ಅದನ್ನು ಮೂಸುತ್ತಾರೆ, ನಿಧಾನಕ್ಕೆ ಬಾಗಿಸುತ್ತಾರೆ. ಮುರಿಯದೆ ಬಾಗಬೇಕು. ಪಟ್ಟನೆ ಮುರಿದರೆ ಅತಿಯಾಗಿ ಒಣಗಿದೆ, ಸಾಗಿಸುವಾಗ ಬೀಜವೆಲ್ಲ ಉದುರಿ ಪುಡಿಯಾಗುತ್ತದೆ. ಮೆತ್ತಗಿದ್ದು ಕೈಗೆ ಅಂಟಿದಂತಾದರೆ ತೇವ ಜಾಸ್ತಿ, ಒಳಗೆ ಬೂಸ್ಟು ಹಿಡಿಯುತ್ತದೆ. ಕೊನೆಗೆ ಉಗುರಿನಿಂದ ಸೀಳಿ ಒಳಮೈ ನೋಡುತ್ತಾರೆ. ಹೊರಗೆ ಕೆಂಪಾಗಿದ್ದು ಒಳಗೆ ಕಪ್ಪು ಚುಕ್ಕೆಯಿದ್ದ ಕಾಯಿಯನ್ನು ಒಬ್ಬರು ನನ್ನ ಕೈಗೇ ಕೊಟ್ಟು ತೋರಿಸಿದರು.

ಡಬ್ಬಿ ಅಂದರೆ ಗಿಡ್ಡ, ದಪ್ಪ, ಬೀಜ ಜಾಸ್ತಿ. ಕಡ್ಡಿ ಉದ್ದ, ತೆಳು, ಮೈತುಂಬ ಸುಕ್ಕು. ಎರಡರಲ್ಲೂ ಖಾರ ಕಡಿಮೆ, ಬಣ್ಣ ಗಾಢ. ಗುಂಟೂರಿನ ಕಾಯಿ ಖಾರಕ್ಕೆ, ಬ್ಯಾಡಗಿಯದು ಬಣ್ಣಕ್ಕೆ. ನಿನ್ನ ಹುಳಿಪುಡಿಗೆ ಆ ಕೆಂಪು ಬರುವುದು ಇದರಿಂದಲೇ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಇದರಿಂದ ತೆಗೆದ ಬಣ್ಣದ ಎಣ್ಣೆ ಲಿಪ್‌ಸ್ಟಿಕ್ಕಿಗೂ ಉಗುರು ಬಣ್ಣಕ್ಕೂ ಹೋಗುತ್ತದೆ.

ಕಾಯಿ ಒಣಗಿಸಿದ ಮೇಲೆ ರೈತನ ಕೆಲಸ ಮುಗಿಯಿತು, ಇನ್ನು ಅದು ಚೀಲದಲ್ಲಿ ತನ್ನ ಪಾಡಿಗೆ ಇರುತ್ತದೆ ಅಂದುಕೊಂಡಿದ್ದೆವಲ್ಲ, ಹಾಗೇನೂ ಇಲ್ಲ ಅಕ್ಕ. ಬೆಳಕು, ಸೆಖೆ, ಗಾಳಿ ಮೂರೂ ಸೇರಿ ಆ ಕೆಂಪನ್ನು ತಿನ್ನುತ್ತಲೇ ಇರುತ್ತವೆ. ಮಾಮೂಲಿ ಗೋಡೌನಿನಲ್ಲಿ ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಕಾಯಿ ಇಟ್ಟಿಗೆ ಬಣ್ಣಕ್ಕೆ ತಿರುಗಿ, ಆಮೇಲೆ ಬಿಳಿಚಿಕೊಳ್ಳುತ್ತದೆ. ಜೊತೆಗೆ ಹುಳ. ಅದಕ್ಕೇ ಈ ಊರಿನ ಸುತ್ತ ಅಷ್ಟೊಂದು ಕೋಲ್ಡ್ ಸ್ಟೋರೇಜ್‌ಗಳು.

ಪರಿಚಯದವರು ಹೇಳಿಸಿ ಒಂದರೊಳಗೆ ಬಿಡಿಸಿದರು. ಹೊರಗೆ ಬಿಸಿಲು ಸುಡುತ್ತಿತ್ತು. ದಪ್ಪ ಬಾಗಿಲು ದಾಟಿದ ಕೂಡಲೇ ಮೈ ಜುಮ್ಮೆಂದಿತು. 4ರಿಂದ 8 ಡಿಗ್ರಿಯೊಳಗೆ ಇಟ್ಟಿರುತ್ತಾರೆ. ಕತ್ತಲು. ಚೀಲಗಳು ನೆಲಕ್ಕೆ ತಾಗದಂತೆ ಮರದ ಹಲಗೆಗಳ ಮೇಲೆ, ಗೋಡೆಗೂ ಒರಗದಂತೆ, ನಡುನಡುವೆ ಗಾಳಿಯಾಡಲು ಸಂದು ಬಿಟ್ಟು ಅಟ್ಟಿ ಹಾಕಿದ್ದರು. ಒಳಗೆ ಘಾಟಿಲ್ಲ, ಸಿಹಿ ಬೆರೆತಂಥ ಒಂದು ವಾಸನೆ. ಉಸ್ತುವಾರಿ ನೋಡುವ ಹಿರಿಯರು ಅಂದರು: ‘ನೀರ ಹೆಚ್ಚಾದ್ರ ಬೂಸ್ಟ ಬರತೈತ್ರಿ ಅಕ್ಕಾರ, ಕಡಿಮಿ ಆದ್ರ ಪುಡಿ ಆಗತೈತ್ರಿ. ಅದರ ನಡುವ ಹಿಡಕೊಂಡು ಕುಂದ್ರೂದ ನಮ್ಮ ಕೆಲಸ.’ ಕಾಯಿಯಲ್ಲಿ ತೇವ ಶೇಕಡಾ 10-11ರ ಆಸುಪಾಸು ಇರಬೇಕಂತೆ.

ನನಗೆ ಹೆಚ್ಚು ಹಿಡಿಸಿದ್ದು ಚೀಲ ಹೊರಗೆ ತೆಗೆಯುವ ಕ್ರಮ. ತಣ್ಣಗಿರುವ ಚೀಲವನ್ನು ಸೀದಾ ಬಿಸಿಲಿಗೆ ತಂದು ಬಾಯಿ ಬಿಚ್ಚಿದರೆ ಹೊರಗಿನ ಗಾಳಿಯ ತೇವವೆಲ್ಲ ಕಾಯಿಯ ಮೇಲೆ ಹನಿಗಟ್ಟುತ್ತದೆ. ತಿಂಗಳುಗಟ್ಟಲೆ ಕಾಪಾಡಿದ್ದು ಒಂದು ಮಧ್ಯಾಹ್ನದಲ್ಲಿ ಹಾಳು. ಹಾಗಾಗಿ ಮೊದಲು ಹೊರಕೋಣೆಯಲ್ಲಿ ಇಡುತ್ತಾರೆ. ಚೀಲದ ತಣುಪು ಆರುವ ತನಕ ಯಾರೂ ದಾರ ಬಿಚ್ಚುವ ಹಾಗಿಲ್ಲ. ವ್ಯಾಪಾರಿ ಎಷ್ಟೇ ಅವಸರ ಮಾಡಲಿ, ಆ ಹಿರಿಯರು ಬಿಡುವುದಿಲ್ಲ. ಆಮೇಲೆ ಒಂದೇ ಹೊಲದ, ಹೋದ ವರ್ಷದ ಎರಡು ಕಾಯಿ ತಂದು ನನ್ನ ಅಂಗೈ ಮೇಲಿಟ್ಟರು. ಒಂದು ಇಲ್ಲಿದ್ದದ್ದು, ಇನ್ನೊಂದು ತಗಡಿನ ಗೋಡೌನಿನಲ್ಲಿದ್ದದ್ದು. ಮೊದಲನೆಯದು ಈಗ ತಾನೇ ಕಣದಿಂದ ಎತ್ತಿದಂತೆ ಕೆಂಪಗೆ ಹೊಳೆಯುತ್ತಿತ್ತು. ಎರಡನೆಯದರ ಭುಜ ಬಿಳಿಚಿ, ಮೂಸಿದರೆ ಒಣಹುಲ್ಲು ಮೂಸಿದಂತಿತ್ತು. ಬೀಜ ಒಂದೇ, ಮಣ್ಣು ಒಂದೇ, ಬಿಸಿಲು ಒಂದೇ. ಇಟ್ಟುಕೊಂಡವರು ಮಾತ್ರ ಬೇರೆ.

ಅಲ್ಲಿ ನಿಂತಾಗ ನಿನ್ನ ಮಗ ನೆನಪಾದ. ಹೋದ ಸೆಪ್ಟೆಂಬರಿನಲ್ಲಿ ನಾನು ಲೀಡ್ಸ್‌ಗೆ ಹೋಗಿದ್ದಾಗ ‘ಚಿಕ್ಕಮ್ಮ, ಬಾ, ನನ್ನ ಕೆಲಸ ನೋಡು’ ಎಂದು ಪಬ್ಬಿನ ನೆಲಮಾಳಿಗೆಗೆ ಕರೆದುಕೊಂಡು ಹೋದ. ಅವನು ಮೇಲೆ ನಿಂತು ಗ್ಲಾಸು ತುಂಬುವವನಲ್ಲ, ಕೆಳಗಿನ ಉಸ್ತುವಾರಿ ಅವನದು. ಅಲ್ಲಿ ಕಾಸ್ಕ್ ಏಲ್ ಅನ್ನುವ ಹಳೆಯ ಕ್ರಮದ ಬಿಯರು. ನಮ್ಮಲ್ಲಿ ಬಾಟಲಿಯಲ್ಲಿ ಬರುವ ಬಿಯರನ್ನು ಸೋಸಿ, ಬಿಸಿ ಮಾಡಿ, ಅದರೊಳಗಿನ ಜೀವವನ್ನೆಲ್ಲ ನಿಲ್ಲಿಸಿ ಕಳಿಸುತ್ತಾರೆ. ಕಾಸ್ಕ್ ಏಲ್ ಹಾಗಲ್ಲ. ಪೀಪಾಯಿಯೊಳಗೆ ಯೀಸ್ಟ್ ಇನ್ನೂ ಬದುಕಿರುತ್ತದೆ, ಹುಳಿಯುವ ಕೆಲಸ ಅಲ್ಲೇ ಮುಂದುವರಿಯುತ್ತದೆ. ಬ್ರೂವರಿಯಿಂದ ಬರುವುದು ಮುಗಿಯದ ಪದಾರ್ಥ, ಅದನ್ನು ಮುಗಿಸುವುದು ನೆಲಮಾಳಿಗೆಯವನು. 1970ರ ಹೊತ್ತಿಗೆ ಬ್ರಿಟನ್ನಿನ ದೊಡ್ಡ ಕಂಪನಿಗಳು ಈ ಕ್ರಮವನ್ನೇ ಬಿಟ್ಟುಬಿಡುವುದರಲ್ಲಿದ್ದವು. 1971ರಲ್ಲಿ ಕುಡಿಯುವವರೇ ಕ್ಯಾಮ್ರಾ ಎಂಬ ಸಂಘ ಕಟ್ಟಿ ಇದನ್ನು ಉಳಿಸಿಕೊಂಡರು.

ನಮ್ಮ ಅಜ್ಜಿ ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟಿ, ಒದ್ದೆ ಕೈಯವರನ್ನು ಹತ್ತಿರ ಸೇರಿಸದೆ ಕಾಯುತ್ತಿದ್ದಳಲ್ಲ, ಅವನೂ ಆ ಪೀಪಾಯಿಗಳನ್ನು ಹಾಗೇ ಕಾಯುತ್ತಾನೆ. ಸುಮಾರು 41 ಲೀಟರಿನ ಪೀಪಾಯಿ ಬಂದ ಮೇಲೆ ಅದನ್ನು ಅಡ್ಡ ಮಲಗಿಸಿ, ಅಲುಗಾಡಿಸದೆ ಬಿಡಬೇಕು. ಗಸಿ ಕೆಳಗಿಳಿಯಬೇಕು. (ಗಸಿ ಇಳಿಸಲು ಮೀನಿನ ಗಾಳಿಚೀಲದಿಂದ ಮಾಡಿದ ಅಂಟು ಹಾಕುವುದು ಅಲ್ಲಿಯ ಹಳೆಯ ಪದ್ಧತಿ. ನಿನಗೆ ಹಿಡಿಸುವುದಿಲ್ಲ, ಆದರೂ ಇದ್ದದ್ದನ್ನು ಹೇಳಬೇಕು.) ಮೇಲ್ಭಾಗದ ತೂತಿಗೆ ಮೊದಲು ಗಾಳಿ ನುಸುಳುವಂಥ ಮೆದು ಮರದ ಗೂಟ ಹೊಡೆಯುತ್ತಾರೆ. ಒಳಗೆ ಜಾಸ್ತಿಯಾದ ಗ್ಯಾಸು ಅದರಿಂದ ಗುಳುಗುಳು ಎಂದು ಹೊರಬರುತ್ತದೆ. ಗುಳ್ಳೆ ಅಡಗಿದ ಹೊತ್ತು ನೋಡಿ ಅದನ್ನು ತೆಗೆದು ಗಟ್ಟಿ ಗೂಟ ಹಾಕಬೇಕು. ಮೊದಲೇ ಹಾಕಿದರೆ ನೊರೆ ಉಕ್ಕುತ್ತದೆ, ತಡವಾದರೆ ಬಿಯರು ಸಪ್ಪೆ. ಮಾಳಿಗೆ 11ರಿಂದ 13 ಡಿಗ್ರಿಯಲ್ಲಿರಬೇಕು. ಅದಕ್ಕಿಂತ ತಣ್ಣಗಾದರೆ ಪರಿಮಳ ಮುಚ್ಚಿಹೋಗುತ್ತದೆ, ಸೆಖೆಯಾದರೆ ಬೇಗ ಹುಳಿಯುತ್ತದೆ. ಮೇಲಕ್ಕೆ ಹೋಗುವ ಕೊಳವೆಗಳನ್ನು ವಾರ ವಾರ ತೊಳೆಯಬೇಕು. ಗ್ಲಾಸು ತುಂಬಿದಷ್ಟೂ ಪೀಪಾಯಿಯೊಳಗೆ ಹೊರಗಾಳಿ ಸೇರುತ್ತದೆ, ಹಾಗಾಗಿ ಬಾಯಿ ತೆರೆದ ಪೀಪಾಯಿ ಮೂರು ದಿನದೊಳಗೆ ಖಾಲಿಯಾಗಬೇಕು.

ಅವನು ಎರಡು ಸಣ್ಣ ಗ್ಲಾಸು ಇಟ್ಟ. ಒಂದೇ ಬ್ರೂವರಿಯ ಬಿಯರು, ಒಂದು ಆ ದಿನ ತೆರೆದದ್ದು, ಇನ್ನೊಂದು ಗಡುವು ಮೀರಿ ಚೆಲ್ಲಲು ಇಟ್ಟಿದ್ದು. ನಾನು ನಾಲಿಗೆಗೆ ಸೋಕಿಸಿ ನೋಡಿದೆ, ಹೌದು, ನೋಡಿದೆ. ಮೊದಲನೆಯದರಲ್ಲಿ ಸುಟ್ಟ ರೊಟ್ಟಿಯಂಚಿನ ವಾಸನೆ, ಹಾಪ್ಸ್ ಹೂವಿನ ಹಿತವಾದ ಕಹಿ, ನಾಲಿಗೆಗೆ ಚುಚ್ಚದ ಮೆದು ಗುಳ್ಳೆ. ಎರಡನೆಯದು ವಿನಿಗರ್ ವಾಸನೆ, ಬಾಯಲ್ಲಿ ನೀರಿನ ಹಾಗೆ. ಅದನ್ನು ಮೇಲೆ ಕಳಿಸದೆ ಚೆಲ್ಲಿಸುವುದೂ ಅವನದೇ ಕೆಲಸ. ಮಾಲೀಕ ಮುಖ ಸಣ್ಣದು ಮಾಡಿಕೊಂಡರೂ ಚೆಲ್ಲುತ್ತೇನೆ ಚಿಕ್ಕಮ್ಮ ಎಂದ. ಅವನ ಮುಖ ಆಗ ನೀನು ನೋಡಬೇಕಿತ್ತು.

ಕುಡಿತವನ್ನು ನಾನು ಹೊಗಳುತ್ತಿಲ್ಲ. ಅದು ನಮ್ಮ ಬಂಧುಗಳ ಮನೆಗಳಲ್ಲೇ ಏನು ಮಾಡಿದೆ ಎಂದು ಇಬ್ಬರಿಗೂ ಗೊತ್ತು. ಆದರೆ ಅವನು ಕಲಿಯುತ್ತಿರುವ ವಿದ್ಯೆ ಬೇರೆ, ನೀನು ಹೆದರುತ್ತಿರುವ ಸಂಗತಿ ಬೇರೆ.

ಬ್ಯಾಡಗಿ ತಾಲೂಕಿನಲ್ಲೇ ಇದೆ ಕಾಗಿನೆಲೆ. ಹೋಗಿ ಆದಿಕೇಶವನಿಗೆ ಕೈಮುಗಿದೆ. ಕನಕದಾಸರ ರಾಮಧಾನ್ಯ ಚರಿತೆ ನಿನಗೆ ಗೊತ್ತಿದ್ದದ್ದೇ. ಅಕ್ಕಿಗೂ ರಾಗಿಗೂ ಯಾರು ಮೇಲೆಂದು ಜಗಳ ಬಿದ್ದಾಗ ರಾಮ ಮಾತಿನಲ್ಲಿ ತೀರ್ಪು ಕೊಡಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದ. ಹೊರಗೆ ತಂದಾಗ ಅಕ್ಕಿ ಕೆಟ್ಟಿತ್ತು, ರಾಗಿ ಹಾಗೇ ಇತ್ತು. ಶಾಲೆಯಲ್ಲಿ ಇದನ್ನು ಬಡವರ ಧಾನ್ಯದ ಗೆಲುವೆಂದು ಓದಿದೆವು, ಅದು ಸರಿಯೇ. ಈ ನೆಲದಲ್ಲಿ ನಿಂತು ಯೋಚಿಸಿದರೆ ಇನ್ನೊಂದೂ ಕಾಣುತ್ತದೆ. ಕಾಳಿನ ಗುಣ ಹೊಲದಲ್ಲಿ ಅಲ್ಲ, ಇಟ್ಟ ಕಡೆ ಬಯಲಾಗುತ್ತದೆಂದು ಬಲ್ಲ ಜನರ ನಡುವೆ ಹುಟ್ಟಿದ ಕಥೆ ಅದು.

ಅಂಥ ಜನರ ಮನೆಯೊಂದರಲ್ಲಿ ಊಟ ಮಾಡಿದೆ. ಮನೆ ಮುಂದೆ ಹಗೇವು ಇದೆ. ನೆಲದೊಳಗೆ ತೋಡಿದ ಕಣಜ, ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಸುತ್ತ ಹುಲ್ಲು ಕೊಟ್ಟು, ಜೋಳ ತುಂಬಿ, ಮೇಲೆ ಮತ್ತೆ ಹುಲ್ಲು, ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ಒಳಗಿದ್ದ ಗಾಳಿಯನ್ನು ಕಾಳು, ಹುಳ ಎಲ್ಲ ಸೇರಿ ಉಸಿರಾಡಿ ಮುಗಿಸುತ್ತವೆ, ಆಮೇಲೆ ಹುಳಕ್ಕೆ ಉಸಿರಿಲ್ಲ. ತೆಗೆದ ತಕ್ಷಣ ಯಾರೂ ಇಳಿಯುವುದಿಲ್ಲ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಕಂದೀಲು ಇಳಿಬಿಟ್ಟು ನೋಡುತ್ತಾರೆ. ದೀಪ ಆರಿದರೆ ಮನುಷ್ಯ ಇಳಿಯಬಾರದು. ಹಾಗೆ ಇಳಿದು ಸತ್ತವರ ಸುದ್ದಿ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಆ ಮನೆಯಲ್ಲಿ ಈಗ ಹಗೇವು ತುಂಬಿಸುವುದಿಲ್ಲ, ಕಾಳು ಚೀಲದಲ್ಲಿದೆ. ಆದರೆ ಅಜ್ಜಿಗೆ ಹಗೇವಿನ ಜೋಳದ ರೊಟ್ಟಿಯ ಮೇಲಿನ ಆಸೆ ಹೋಗಿಲ್ಲ. ಗೋಡೆ ಬದಿಯ ಕಾಳಿಗೆ ಬೇರೆ ವಾಸನೆ, ನಡುವಿನ ಕಾಳಿಗೆ ಬೇರೆ ರುಚಿ ಎಂದು ಕಣ್ಣು ಮುಚ್ಚಿಕೊಂಡೇ ವಿವರಿಸಿದರು. ಬ್ಯಾಡಗಿಯ ಕಾಯಿಗೆ ತಣ್ಣನೆ ಕತ್ತಲು ಬೇಕು, ಹಗೇವಿಗೆ ಗಾಳಿಯೇ ಬೇಡ, ನಿನ್ನ ಮಗನ ಪೀಪಾಯಿಗೆ ಗಾಳಿ ಅಳತೆ ಮಾಡಿ ಬಿಡಬೇಕು. ಯಾವುದಕ್ಕೆ ಎಷ್ಟು ಎಂದು ತಿಳಿಯುವುದಕ್ಕೆ ವರ್ಷಗಳು ಬೇಕು.

ರಾಣೆಬೆನ್ನೂರಿನಲ್ಲಿ ಹೆಚ್ಚು ಹೊತ್ತು ಇರಲಿಲ್ಲ, ಕೃಷ್ಣಮೃಗಗಳನ್ನು ದೂರದಿಂದ ಕಂಡೆ. ಆ ತಾಲೂಕು ತರಕಾರಿ ಬೀಜೋತ್ಪಾದನೆಗೆ ಹೆಸರಾದದ್ದು. ಪರದೆಯ ಮನೆಯೊಳಗೆ ಹೆಂಗಸರು ಒಂದೊಂದೇ ಹೂವಿಗೆ ಕೈಯಾರೆ ಪರಾಗ ಮುಟ್ಟಿಸುತ್ತಾರೆ. ಹಾಗೆ ಕಟ್ಟಿಸಿದ ಬೀಜವನ್ನೂ ಬದುಕಿಸಿ ಇಡಬೇಕು. ಬೀಜದ ತೇವ ಶೇಕಡಾ 1 ಇಳಿದರೆ ಅದರ ಆಯಸ್ಸು ಇಮ್ಮಡಿ, ಕೋಣೆಯ ಉಷ್ಣಾಂಶ 5 ಡಿಗ್ರಿ ಇಳಿದರೂ ಇಮ್ಮಡಿ ಎಂಬ ಲೆಕ್ಕ ಬೀಜದವರಿಗೆಲ್ಲ ಬಾಯಿಪಾಠ.

ಒಂದು ಸಂಗತಿ ಮನಸ್ಸಿಗೆ ಕಷ್ಟ ಕೊಟ್ಟಿತು. ಕಾದಿಡುವುದಕ್ಕೆ ದುಡ್ಡು ಬೇಕು. ದರ ಬಿದ್ದಾಗ ಬಾಡಿಗೆ ಕಟ್ಟಿ ಚೀಲ ಒಳಗಿಟ್ಟು ಕಾಯುವ ಶಕ್ತಿ ದೊಡ್ಡವರಿಗಿದೆ. ಸಾಲದಲ್ಲಿರುವ ಸಣ್ಣ ರೈತ ಅವತ್ತೇ ಮಾರಬೇಕು. 2024ರ ಮಾರ್ಚ್‌ನಲ್ಲಿ ದರ ದಿಢೀರನೆ ಕುಸಿದಾಗ ಇದೇ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಕಟ್ಟೆಯೊಡೆದು ವಾಹನಗಳಿಗೆ ಬೆಂಕಿ ಬಿತ್ತು. ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಂಗಸರು ದಿನವಿಡೀ ಮೂಗಿಗೆ ಸೆರಗು ಕಟ್ಟಿಕೊಂಡು, ಉರಿಯುವ ಕೈಯಲ್ಲೇ ಕೂತಿರುತ್ತಾರೆ. ನಾವು ಅಂಗಡಿಯಲ್ಲಿ ಕೊಡುವ ದುಡ್ಡಿನಲ್ಲಿ ಅವರ ಪಾಲು ತೀರಾ ಕಡಿಮೆ, ಅದು ಹೆಚ್ಚಬೇಕು.

ಪಾರ್ಸೆಲ್ ಬಂದಾಗ ಕಾಯಿಯನ್ನು ಟೆರೇಸಿನ ಬಿಸಿಲಿಗೆ ದಿನಗಟ್ಟಲೆ ಹಾಕಬೇಡ, ಬಣ್ಣ ಹೋಗುತ್ತದೆ. ಪುಡಿ ಮಾಡುವಷ್ಟನ್ನು ಮಾತ್ರ ಒಂದು ಹೊತ್ತು ಬಿಸಿಲು ಕಾಣಿಸು. ಉಳಿದದ್ದನ್ನು ಗಟ್ಟಿ ಮುಚ್ಚಳದ ಡಬ್ಬದಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡು. ಹೊರಗೆ ತೆಗೆದ ಮೇಲೆ ಡಬ್ಬದ ತಣುಪು ಆರುವ ತನಕ ಮುಚ್ಚಳ ತೆಗೆಯಬೇಡ. ಯಾಕೆಂದು ಮೇಲೆ ಬರೆದಿದ್ದೇನೆ.

ಭಾನುವಾರ ಅವನ ಫೋನು ಬಂದರೆ ಭಾವನ ಕೈಗೆ ಕೊಡದೆ ನೀನೇ ಎತ್ತು. ಗಟ್ಟಿ ಗೂಟ ಹಾಕುವ ಹೊತ್ತು ಬಂತೆಂದು ಅವನಿಗೆ ಹೇಗೆ ಗೊತ್ತಾಗುತ್ತದೆಂದು ಕೇಳು. ನಾನು ಕೇಳಿದಾಗ ಅರ್ಧ ಗಂಟೆ ಹೇಳಿದ್ದ.

ನಿನ್ನ ತಂಗಿ