ಅಳೆಯೋ ಸೇರೇ ಕುಗ್ಗಿದರೆ?

ಅಕ್ಕಿ ಅಳೆಯೋ ಸೇರು ದಿನಕ್ಕೊಂದು ಗಾತ್ರ ಆದರೆ ಅಂಗಡಿಯವರ ಲೆಕ್ಕ ಏನಾಗಬೇಕು? ಮೈಕ್ರೋಕಂಟ್ರೋಲರ್‌ನ ಎಡಿಸಿ ಪಾಡೂ ಅದೇ. ಅದು ಸೆನ್ಸರಿನ ವೋಲ್ಟೇಜನ್ನು ರೆಫರೆನ್ಸ್ ಜೊತೆ ಹೋಲಿಸಿ, 1024ರಲ್ಲಿ ಎಷ್ಟು ಪಾಲು ಅಂತ ಮಾತ್ರ ಹೇಳುತ್ತೆ. ಆರ್ಡುಯಿನೋ ಊನೋದಲ್ಲಿ ನಾವು ಬೇರೆ ಹೇಳದಿದ್ದರೆ ಆ ಸೇರು ಬೋರ್ಡಿನ 5 ವೋಲ್ಟ್ ಸಪ್ಲೈಯೇ.

ನಮ್ಮ ತಂಡಕ್ಕೆ ಇದರ ಬಿಸಿ ತಟ್ಟಿದ್ದು ಶಿಡ್ಲಘಟ್ಟದ ಕಡೆಯ ಒಂದು ಹುಳು ಮನೆಯಲ್ಲಿ. ಗೆಳೆಯನ ಅಪ್ಪ ರೇಷ್ಮೆ ಹುಳು ಸಾಕ್ತಾರೆ. ಎಲ್‌ಎಂ35 ಸೆನ್ಸರ್ ಹಾಕಿ, 27 ಡಿಗ್ರಿ ದಾಟಿದರೆ ಫ್ಯಾನ್ ತಿರುಗೋ ಹಾಗೆ ಮಾಡಿದ್ವಿ. ಲ್ಯಾಪ್‌ಟಾಪಿಗೆ ಚುಚ್ಚಿದಾಗ 26 ತೋರಿಸಿದ್ದು, ಪವರ್‌ಬ್ಯಾಂಕಿಗೆ ಚುಚ್ಚಿದರೆ 27.7! "ಏನ್ರಪ್ಪಾ, ಹುಳಕ್ಕಿಂತ ಮೊದಲು ನಿಮ್ಮ ಮೆಷಿನ್ನಿಗೇ ಜ್ವರ ಬಂತಾ?" ಅಂದ್ರು. ನಗು ಬಂತು, ಆದರೆ ನಗೋ ವಿಷಯ ಅಲ್ಲ. ಫ್ಯಾನ್ ಸುಮ್ಮನೆ ತಿರುಗಿದರೆ ಸೊಪ್ಪು ಒಣಗುತ್ತೆ, ಒಣ ಸೊಪ್ಪನ್ನ ಹುಳು ಸರಿಯಾಗಿ ತಿನ್ನಲ್ಲ, ಬೆಳೆ ಕೆಟ್ಟರೆ ಒಂದು ತಿಂಗಳ ದುಡಿಮೆ ಹೋಯ್ತು. ಮಲ್ಟಿಮೀಟರ್ ಇಟ್ಟು ನೋಡಿದರೆ ಸಪ್ಲೈ 4.7. ಇಪ್ಪತ್ತಾರನ್ನ 5ರಿಂದ ಗುಣಿಸಿ 4.7ರಿಂದ ಭಾಗಿಸಿದ್ವಿ, ಲೆಕ್ಕ ಕೂಡಿತು.

ಖರ್ಚಿಲ್ಲದ ದಾರಿ ಚಿಪ್ಪಿನೊಳಗೇ ಇದೆ. ಅಟ್‌ಮೆಗಾ328ಪಿಯಲ್ಲಿ 1.1 ವೋಲ್ಟಿನ ಬ್ಯಾಂಡ್‌ಗ್ಯಾಪ್ ರೆಫರೆನ್ಸ್ ಉಂಟು. ಸಪ್ಲೈ ಏರಿಳಿದರೂ ಅದು ಅಷ್ಟಾಗಿ ಕದಲಲ್ಲ. ಆದರೆ ಚಿಪ್ಪಿನಿಂದ ಚಿಪ್ಪಿಗೆ 1.0ರಿಂದ 1.2ರ ನಡುವೆ ಎಲ್ಲಾದರೂ ಇರಬಹುದು. ಎಆರ್‌ಇಎಫ್ ಪಿನ್ನಲ್ಲಿ ಒಮ್ಮೆ ಅಳೆದು, ಆ ಅಂಕಿಯನ್ನೇ ಕೋಡಿನಲ್ಲಿ ಬರೆದರೆ ಆಯ್ತು.

ಮೂರು ಕೋಣೆಗೆ ಮೂರು ಬೋರ್ಡ್ ಬೇಕಾದಾಗ, ಪ್ರತಿಯೊಂದನ್ನೂ ಹೀಗೆ ಅಳೆಯೋದು ಬೇಡ ಅಂತ ಟಿಎಲ್431 ಹಿಡಿದ್ವಿ. ನೋಡೋಕೆ ಟ್ರಾನ್ಸಿಸ್ಟರ್ ಥರ ಮೂರು ಕಾಲು. ಎಸ್.ಪಿ. ರಸ್ತೆಯಲ್ಲಿ ಒಂದು ಕಾಫಿ ದುಡ್ಡಿಗಿಂತ ಕಡಿಮೆ. ಹಾಳಾದ ಎಷ್ಟೋ ಎಸ್‌ಎಂಪಿಎಸ್‌ಗಳಲ್ಲಿ ಬಿಟ್ಟಿಯಾಗೂ ಸಿಗುತ್ತೆ. ಆನೋಡನ್ನು ಗ್ರೌಂಡಿಗೆ, ರೆಫರೆನ್ಸ್ ಕಾಲನ್ನು ಕ್ಯಾಥೋಡಿಗೆ ಸೇರಿಸಿ, 5 ವೋಲ್ಟಿನಿಂದ ಕ್ಯಾಥೋಡಿಗೆ 1 ಕಿಲೋಓಮ್ ಕೊಟ್ಟರೆ ಸುಮಾರು 2.5 ವೋಲ್ಟ್ ರೆಡಿ. ಅದಕ್ಕೆ ಕನಿಷ್ಠ 1 ಮಿಲಿಆಂಪ್ ಬೇಕು, ಇಲ್ಲಿ ಎರಡೂವರೆ ಹರಿಯುತ್ತೆ. ಬಿ ದರ್ಜೆಯದ್ದಾದರೆ ವ್ಯತ್ಯಾಸ ಅರ್ಧ ಶೇಕಡಾ, ಅಂದರೆ 26 ಡಿಗ್ರಿಗೆ 0.13 ಮಾತ್ರ.

ಎರಡು ಎಚ್ಚರ. ಹೊರಗಿನ ರೆಫರೆನ್ಸ್ ಅಂತ ಕೋಡಿನಲ್ಲಿ ಹೇಳಿದ ಮೇಲೇ ಎಡಿಸಿ ಓದಿ. ಇಲ್ಲದಿದ್ದರೆ ಒಳಗಿನದೂ ಹೊರಗಿನದೂ ಶಾರ್ಟ್ ಆಗುತ್ತೆ. ಟಿಎಲ್431ಗೆ ಸಿಕ್ಕ ಸಿಕ್ಕ ಕೆಪಾಸಿಟರ್ ಹಾಕಬೇಡಿ, ಕೆಲವು ಬೆಲೆಗಳಲ್ಲಿ ಅದು ಆಸಿಲೇಟ್ ಆಗುತ್ತೆ. ಡೇಟಾಶೀಟಿನ ಗ್ರಾಫ್ ನೋಡಿ.

ಎಲ್ಲ ಕಡೆ ಇದು ಬೇಕಿಲ್ಲ. ಪೊಟೆನ್ಷಿಯೋಮೀಟರ್, ಥರ್ಮಿಸ್ಟರ್ ಡಿವೈಡರ್ ಅದೇ ಸಪ್ಲೈಯಲ್ಲಿದ್ದರೆ ಸೇರೂ ಅಕ್ಕಿಯೂ ಒಟ್ಟಿಗೇ ಕುಗ್ಗುತ್ತವೆ, ಪಾಲು ಬದಲಾಗಲ್ಲ. ಮಿಕ್ಕ ಕಡೆ, ಸೆನ್ಸರನ್ನ ಬೈಯೋ ಮೊದಲು ಯಾವುದರಿಂದ ಅಳೀತಿದ್ದೀವಿ ಅಂತ ಒಮ್ಮೆ ನೋಡೋಣ.