ನಾಲ್ಕು ಊರುಗಳ ದಾರಿಯಲ್ಲಿ ಕಲಿತ ಒಂದು ಪಾಠ

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಈ ಹೊಳೆಗಳ ಸೀಮೆಯಲ್ಲಿ ನಮ್ಮ ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಎಂಬ ನಾಲ್ಕು ಊರುಗಳಿವೆ. ಅಧ್ಯಾಪನವೃತ್ತಿಯ ನಿಮಿತ್ತ ಇವುಗಳ ನಡುವೆ ಎಷ್ಟೋ ಸಲ ಸಂಚರಿಸಿದ ನಾವು, ನಿವೃತ್ತರಾದ ಬಳಿಕ ಕಳೆದ ಮಾಘಮಾಸದಲ್ಲಿ ಮತ್ತೊಮ್ಮೆ ಆ ದಾರಿಯನ್ನು ಹಿಡಿದೆವು. ಇಂಡಿಯಲ್ಲಿರುವ ನಮ್ಮ ಅಕ್ಕನ ಮಗಳ ಮನೆಯನ್ನು ಸೇರುವುದೇ ಉದ್ದೇಶವಾಗಿತ್ತು.

ಮುದ್ದೇಬಿಹಾಳವನ್ನು ಬಿಟ್ಟಾಗ ಎರಡೂ ಮಗ್ಗುಲಿಗೆ ಎರೆಭೂಮಿಯಲ್ಲಿ ಬಿಳಿಜೋಳ ತೆನೆದೂಗುತ್ತಲಿತ್ತು. ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಾಗೇವಾಡಿಯಲ್ಲಿ ಬಸವೇಶ್ವರನ ದರ್ಶನವನ್ನು ಮಾಡಿಕೊಂಡು, ಮಧ್ಯಾಹ್ನಕ್ಕೆ ಸಿಂದಗಿಯಲ್ಲಿ ಇಳಿದೆವು. ಅಲ್ಲಿ ಅಕ್ಕನ ಹಳೆಯ ಮನೆಯಿದೆ. ಈಗ ಬೀಗ ಹಾಕಿದೆ. ಅದರ ಕಟ್ಟೆಯ ಮೇಲೆ ಕ್ಷಣಕಾಲ ಕುಳಿತೆವು.

ಮೂವತ್ತು ವರ್ಷಗಳ ಹಿಂದೆ, ನಾವು ಬಾಗೇವಾಡಿಯಲ್ಲಿದ್ದಾಗ, ಅಕ್ಕನಿಗೆ ಜಡ್ಡು ಬಲಿತು ಆಕೆಯನ್ನು ಸೊಲ್ಲಾಪುರಕ್ಕೆ ಕರೆದೊಯ್ಯುವುದೆಂದು ನಿಶ್ಚಯವಾಯಿತು. ‘ನಸುಕಿನಲ್ಲಿ ಮೂರಕ್ಕೆ ಹೊರಡುತ್ತೇವೆ’ ಎಂದು ರಾತ್ರಿ ನಮ್ಮ ನೆರೆಮನೆಯ ದೂರವಾಣಿಗೆ ಸುದ್ದಿ ಬಂದಿತು. ತಂತಿಯ ಗೊರಗೊರ ಸದ್ದಿನಲ್ಲಿ ನಮಗೆ ‘ಆರಕ್ಕೆ’ ಎಂದು ಕೇಳಿಸಿತು. ‘ಹೂಂ’ ಎಂದೆವು, ಅಲ್ಲಿಗೆ ಮಾತು ಮುಗಿಯಿತು. ಬಾಡಿಗೆಯ ಜೀಪಿನಲ್ಲಿ ಐದೂವರೆಗೆ ಬಂದು ನೋಡಿದರೆ ಅಂಗಳ ಬರಿದಾಗಿತ್ತು. ಗಾಡಿ ಹತ್ತುವ ಮುನ್ನ ಅಕ್ಕ ‘ತಮ್ಮ ಬಂದನೇನು?’ ಎಂದು ಎರಡು ಸಲ ಕೇಳಿದಳಂತೆ. ಆಕೆ ಜೀವಂತವಾಗಿ ಮರಳಲಿಲ್ಲ.

ಸಂಜೆ ಇಂಡಿಯನ್ನು ಮುಟ್ಟಿದೆವು. ಇಲ್ಲಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಊರ ಸುತ್ತಲೂ ಲಿಂಬೆಯ ತೋಟಗಳು. ಊಟವಾದ ಮೇಲೆ ಒಳಕೋಣೆಯಿಂದ ವಿಲಕ್ಷಣವಾದ ಇಂಗ್ಲಿಷ್ ಮಾತುಗಳು ಕೇಳಿಬಂದವು. ಹದಿನಾರರ ಮೊಮ್ಮಗನು ಕಿವಿಗೆ ಹೆಡ್‌ಫೋನ್ ಧರಿಸಿ ಗಣಕಯಂತ್ರದ ಮುಂದೆ ಕುಳಿತಿದ್ದನು. ತೆರೆಯ ಮೇಲೆ ಬೆಂಗಳೂರಿನಿಂದ ಮಂಗಳೂರಿಗೆ ಹೊರಟ ವಿಮಾನ! ನಮ್ಮ ನಾಲ್ಕು ಊರುಗಳಲ್ಲಿ ಒಂದರಲ್ಲಿಯೂ ವಿಮಾನನಿಲ್ದಾಣವಿಲ್ಲ. ನೆರೆಯ ಕಲಬುರಗಿಗೇ ಆ ಭಾಗ್ಯ ಬಂದುದು 2019ರ ನವೆಂಬರ್ 22ರಂದು. ಆದರೂ ಈ ಹುಡುಗನು ಇಂಡಿಯಲ್ಲಿ ಕುಳಿತೇ ಹಾರುತ್ತಿದ್ದನು.

ವಿಮಾನವು ಯಂತ್ರದ ಮಾಯೆಯಾದರೂ, ಅವನೊಡನೆ ಮಾತನಾಡುವ ನಿಯಂತ್ರಕನು ಮಾತ್ರ ಎಲ್ಲಿಯೋ ಕುಳಿತಿರುವ ನಿಜವಾದ ಮನುಷ್ಯನು. 2001ರಲ್ಲಿ ಆರಂಭವಾದ ವ್ಯಾಟ್‌ಸಿಮ್ ಎಂಬ ಜಾಲದಲ್ಲಿ ಹೀಗೆ ನಾನಾ ದೇಶದವರು, ಕೆಲವರು ಚಾಲಕರಾಗಿ, ಕೆಲವರು ಪರೀಕ್ಷೆ ಕೊಟ್ಟು ನಿಯಂತ್ರಕರಾಗಿ, ಹಣದ ಆಸೆಯಿಲ್ಲದೆ ನಿಜವಾದ ರೇಡಿಯೋ ಸಂಭಾಷಣೆಯ ಕ್ರಮವನ್ನು ಅಭ್ಯಸಿಸುತ್ತಾರೆ. ಇದು ಆಟವೇ, ಇದರಿಂದ ಪರವಾನಿಗೆ ಸಿಗದು. ಆದರೆ ಆಟದ ನಿಯಮ ಕಠಿಣವಾದುದು.

‘ದಿಕ್ಕು 250ಕ್ಕೆ ತಿರುಗು’ ಎಂದು ನಿಯಂತ್ರಕನ ಅಪ್ಪಣೆಯಾಯಿತು. ಹುಡುಗನು ‘290’ ಎಂದು ತಿರುಗಿ ನುಡಿದನು. ಒಡನೆಯೇ ಆ ದನಿ ‘ನೆಗೆಟಿವ್’ ಎಂದು ತಡೆದು, ‘ಟೂ ಫೈಫ್ ಝೀರೋ’ ಎಂದು ಬಿಡಿಬಿಡಿಯಾಗಿ ಹೇಳಿತು. ಇವನು ತಿದ್ದಿಕೊಂಡು ನುಡಿದನು. ಸದ್ದಿನಲ್ಲಿ ‘ಫೈವ್’ ಮತ್ತು ‘ನೈನ್’ ಒಂದರಂತೆ ಒಂದು ಕೇಳಿಸುವುದರಿಂದ ಐದನ್ನು ‘ಫೈಫ್’ ಎಂದೂ ಒಂಬತ್ತನ್ನು ‘ನೈನರ್’ ಎಂದೂ ಉಚ್ಚರಿಸಬೇಕೆಂಬ ವಿಧಿಯಿದೆಯಂತೆ.

“ಸುಮ್ಮನೆ ‘ಹೂಂ’ ಎಂದರೆ ಸಾಲದೇನು?” ಎಂದು ಕೇಳಿದೆವು.

“ಸಾಲೂದಿಲ್ಲ, ಅಜ್ಜಾ. ‘ರೋಜರ್’ ಅಂದ್ರ ಕೇಳಿಸ್ತು ಅಂತಷ್ಟ. ಏನು ಕೇಳಿಸ್ತು ಅನ್ನೂದು ಅವ್ರಿಗೆ ಹ್ಯಾಂಗ ತಿಳೀಬೇಕು? ದಿಕ್ಕು, ಎತ್ತರ, ವೇಗ, ಓಡುದಾರಿ, ಎಲ್ಲಾ ತಿರುಗಿ ಹೇಳಬೇಕು. ಅವ್ರು ಅದನ್ನ ಕಿವಿಗೊಟ್ಟು ಕೇಳಿ, ತಪ್ಪಿದ್ರ ತಿದ್ದತಾರ, ಆಮ್ಯಾಲೇ ಮಾತು ಮುಗೀತು.”

ಅವನೇ ಒಂದು ದುರಂತವನ್ನು ಹೇಳಿದನು. 1977ರ ಮಾರ್ಚ್ 27ರಂದು ಕೆನರಿ ದ್ವೀಪಗಳ ಟೆನೆರಿಫ್‌ನಲ್ಲಿ ಮಂಜು ಕವಿದಿತ್ತು. ಒಂದು ದೊಡ್ಡ ವಿಮಾನವು ಅಪ್ಪಣೆಯಿಲ್ಲದೆಯೇ ಹಾರಲು ಓಡತೊಡಗಿತ್ತು. ಅದರಿಂದ ಬಂದ ಅಸ್ಪಷ್ಟ ಮಾತಿಗೆ ನಿಯಂತ್ರಕನು ‘ಓಕೆ’ ಎಂದನು. ‘ತಡೆ, ಕರೆಯುತ್ತೇನೆ’ ಎಂದು ಆತನು ಮುಂದೆ ನುಡಿದುದು, ಅದೇ ಕ್ಷಣಕ್ಕೆ ಮತ್ತೊಂದು ವಿಮಾನದವರೂ ಮಾತನಾಡಿದ್ದರಿಂದ, ಕಿರುಗುಟ್ಟುವ ಸದ್ದಿನಲ್ಲಿ ಮುಚ್ಚಿಹೋಯಿತು. ಎರಡೂ ವಿಮಾನಗಳು ಡಿಕ್ಕಿಯಾಗಿ 583 ಜನರು ಮಡಿದರು. ಆ ಬಳಿಕ ‘ಟೇಕ್ ಆಫ್’ ಎಂಬ ಶಬ್ದವನ್ನು ಹಾರುವ ಅಪ್ಪಣೆ ಕೊಡುವಾಗ ಇಲ್ಲವೆ ಅದನ್ನು ಹಿಂದೆಗೆಯುವಾಗ ಮಾತ್ರ ಬಳಸಬೇಕೆಂಬ ಕಟ್ಟಳೆಯಾಯಿತು.

ವಾಚಕ ಬಂಧುಗಳೇ, ನಾವು ಸಂಸ್ಕೃತ ಓದಿದವರು. ತ್ವಷ್ಟೃವು ‘ಇಂದ್ರಶತ್ರು’ ಎಂಬ ಶಬ್ದದ ಸ್ವರವನ್ನು ತಪ್ಪಿ ನುಡಿದುದರಿಂದ, ಇಂದ್ರನನ್ನು ಕೊಲ್ಲಬೇಕಾಗಿದ್ದ ವೃತ್ರನೇ ಇಂದ್ರನಿಂದ ಹತನಾದನೆಂಬ ಕಥೆಯನ್ನು ಎಷ್ಟೋ ತರಗತಿಗಳಿಗೆ ಹೇಳಿದೆವು. ಗುರುವು ಒಮ್ಮೆ ಹೇಳಿದುದನ್ನು ಶಿಷ್ಯನು ಎರಡು ಸಲ ತಿರುಗಿ ನುಡಿಯುವ ಸಂಥೆಯ ಕ್ರಮವನ್ನೂ ಬಲ್ಲೆವು. ಅದೆಲ್ಲ ಮಂತ್ರಕ್ಕೆ ಮಾತ್ರವೆಂದು ತಿಳಿದಿದ್ದೆವು. ಮನೆಯ ಮಾತಿಗೂ ಅದು ಬೇಕೆಂಬುದನ್ನು ಈ ಬಾಲಕನ ಆಟದಿಂದ ತಿಳಿಯಬೇಕಾಯಿತು. ಔಷಧದ ಪ್ರಮಾಣ, ಪ್ರಯಾಣದ ವೇಳೆ, ಜಡ್ಡಿನವರ ಸುದ್ದಿ ಇವನ್ನು ಕೇಳಿದವರು ತಿರುಗಿ ಹೇಳಲಿ, ಹೇಳಿದವರು ಅದನ್ನು ಕಿವಿಗೊಟ್ಟು ಕೇಳಲಿ. ಇದಕ್ಕೆ ತಗಲುವುದು ಅರೆನಿಮಿಷ.

ಮಲಗುವ ಮುನ್ನ ಅಕ್ಕನ ಮಗಳು ಅಡಿಗೆಮನೆಯಿಂದಲೇ, “ಮಾಮಾ, ನಾಳೆ ಮುಂಜಾನೆ ಆರಕ್ಕ ಬಸ್ಸು” ಎಂದಳು. ರೂಢಿಯಂತೆ ‘ಹೂಂ’ ಎಂಬುದು ತುಟಿಯವರೆಗೆ ಬಂದಿತು. ಅದನ್ನು ನುಂಗಿ, “ಮೂರಲ್ಲ, ಐದರ ಮುಂದಿನ ಆರು” ಎಂದೆವು.

ಪಾತ್ರೆಯ ಸಪ್ಪಳ ನಿಂತಿತು. ತಾಯಿಯ ಕಥೆಯನ್ನು ಅವಳು ಬಲ್ಲಳು. ಅವಳೇನೂ ಮಾತನಾಡಲಿಲ್ಲ. ಒಳಕೋಣೆಯಿಂದ ಹುಡುಗನ ದನಿ ಬಂದಿತು: “ಬರೋಬ್ಬರಿ, ಅಜ್ಜಾ!”