ಚುಚ್ಚುಮದ್ದು ಮತ್ತು ಸಂತಾನದ ಹಂಬಲ

"ಹಜ್ರತ್, ಟೆಸ್ಟೊಸ್ಟೆರಾನ್ ಚುಚ್ಚುಮದ್ದಿನಿಂದ ಉಪವಾಸ ಮುರಿಯುವುದೇ?" ಮಹದೇವಪುರದಲ್ಲಿ ರಾತ್ರಿ ಪಾಳಿಯಲ್ಲಿ ದುಡಿಯುವ ನವವಿವಾಹಿತರೊಬ್ಬರು ತಗ್ಗಿದ ದನಿಯಲ್ಲಿ ಕೇಳಿದರು. ಸ್ನಾಯುವಿಗೆ ನೀಡುವ, ಪೋಷಕಾಂಶವಲ್ಲದ ಮದ್ದಿನಿಂದ ಮುರಿಯದೆಂಬುದು ಇಂದಿನ ಅನೇಕ ವಿದ್ವಾಂಸರ ಅಭಿಪ್ರಾಯ. ಆದರೆ ನನ್ನನ್ನು ಕಾಡಿದ್ದು ಅವರು ಕೇಳದೆ ಉಳಿಸಿದ ಪ್ರಶ್ನೆ.

ಈ ಹಾರ್ಮೋನು ಹೊರಗಿನಿಂದ ದೊರೆತಾಗ ಪಿಟ್ಯುಟರಿ ಗ್ರಂಥಿಯು ವೃಷಣಗಳನ್ನು ಪ್ರಚೋದಿಸುವುದನ್ನು ತಗ್ಗಿಸುತ್ತದೆ. ವೀರ್ಯಾಣುಗಳು ಕುಸಿಯುತ್ತವೆ, ಹಲವರಲ್ಲಿ ಇಲ್ಲವೇ ಆಗುತ್ತವೆ. 1990ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನವು ಇದನ್ನು ಗರ್ಭನಿರೋಧಕವಾಗಿಯೇ ಪರೀಕ್ಷಿಸಿತ್ತು! ಮಗುವಿಗಾಗಿ ದುಆ ಮಾಡುತ್ತಲೇ ಜಿಮ್‌ನವರ ಮಾತಿಗೆ ಇದನ್ನು ಚುಚ್ಚಿಸಿಕೊಳ್ಳುವುದೇ?

ಝಕರಿಯ್ಯಾ(ಅ) ಸಂತಾನಕ್ಕಾಗಿ ಮೊರೆಯಿಡಲು ಸಂಕೋಚಪಡಲಿಲ್ಲ. ವೈದ್ಯರ ಮುಂದೆ ನಮಗೇಕೆ ಲಜ್ಜೆ? ನಿದ್ರೆಗೇಡೂ ಹಾರ್ಮೋನನ್ನು ತಗ್ಗಿಸಬಲ್ಲದು; ಆದ್ದರಿಂದ ಬೆಳಗಿನ ರಕ್ತಪರೀಕ್ಷೆ ಎರಡು ಬಾರಿ ಆಗಲಿ. ಮಗು ಬೇಕೆಂಬುದನ್ನು ಮೊದಲೇ ತಿಳಿಸಿದರೆ ವೈದ್ಯರು ಬೇರೆ ಮದ್ದನ್ನು ಆರಿಸಬಲ್ಲರು.